ಒಂದು ಚಮಚ ಎಣ್ಣೆ

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ದನದ ಆಸ್ಪತ್ರೆಗಳಲ್ಲಿ ಕಂಪೌಂಡರನಾಗಿ ದುಡಿದೆ. ಬಾಟಲಿ ಕೈಗೆ ಕೊಟ್ಟು “ದಿನಕ್ಕೆ ಒಂದು ಚಮಚ” ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ ದೇವರೇ ಬಲ್ಲ. ಹೇಳಿ ಮುಗಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುವುದು ನನ್ನ ಅಭ್ಯಾಸವಾಗಿತ್ತು: “ಯಾರು ಹಾಕುವುದು?” ಜನ ನನ್ನ ಮುಖ ನೋಡುತ್ತಿದ್ದರು. ಹಸುವಿಗೆ ಮದ್ದು ಯಾರು ಹಾಕಿದರೆ ಈ ಮನುಷ್ಯನಿಗೇನು ಎಂದು ಅವರಿಗೆ ಅನಿಸುತ್ತಿತ್ತು. ಜೊತೆಯ ನೌಕರರು ನನ್ನ ಬೆನ್ನ ಹಿಂದೆ ಇದನ್ನೇ ಅಣಕಿಸಿ ಆಡಿ ನಗುತ್ತಿದ್ದರು. ನಕ್ಕರೆ ನಗಲಿ ಎಂದು ನಾನು ಕೇಳುತ್ತಲೇ ಬಂದೆ. ಆ ಪ್ರಶ್ನೆಯನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಮಂಗಳೂರಿನ ಬಂದರಿನಲ್ಲಿ ಒಣಮೀನಿನ ಗೋದಾಮು ಇಟ್ಟುಕೊಂಡಿದ್ದ ಒಬ್ಬ ಬ್ಯಾರಿ ಹಿರಿಯರಿಂದ.

ಎಲ್ಲರೂ ಅವರನ್ನು ಹಾಜಿಯವರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ, ಹೆಸರು ಬೇಡ. ಗೋದಾಮಿನ ಬಾಗಿಲ ಮೇಲೆ ತನ್ನ ಹೆಸರಿನ ಬೋರ್ಡು ಹಾಕಿಸಿಕೊಳ್ಳದ ಮನುಷ್ಯನ ಹೆಸರನ್ನು ನಾನು ಇಲ್ಲಿ ಬರೆದು ಮೆರೆಸುವುದು ಸರಿಯಲ್ಲ. ಎತ್ತರದ ಆಳು, ಒಣಕಲು ಮೈ, ಬಿಳಿ ಲುಂಗಿ, ಬಿಳಿ ಟೊಪ್ಪಿ, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಒಂದು ಕಪ್ಪು ಕೊಡೆ. ಅವರು ಬರುವ ಮೊದಲೇ ಒಣಮೀನಿನ ವಾಸನೆ ಬರುತ್ತಿತ್ತು. ಅದಕ್ಕೆ ಅವರಿಗೆ ಸಂಕೋಚವೂ ಇರಲಿಲ್ಲ. ಕೊಲಂಬೊಗೆ ಹೋಗುವ ಮಂಜಿ ಎಂಬ ಹಾಯಿಹಡಗುಗಳಿಗೆ ಅವರ ಗೋದಾಮಿನಿಂದ ಒಣಮೀನಿನ ಮೂಟೆಗಳು ಹೋಗುತ್ತಿದ್ದವು. ದೋಣಿಗಳು ತಂಗುವ ಇಡೀ ಧಕ್ಕೆ ಬೊಬ್ಬೆ ಹಾಕುತ್ತಿರುವಾಗ ಅವರೊಬ್ಬರು ಮೆಲ್ಲನೆ ಮಾತನಾಡುತ್ತಿದ್ದರು. ಯಾರಾದರೂ ಗಡಿಬಿಡಿ ಮಾಡಿದರೆ “ಅವಸರ ಎಂತದ್ದು?” ಎಂದು ಕೇಳುವುದು ಅವರ ವಾಡಿಕೆ. ಅದು ಬೈಗುಳ ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗೆ ಇರುತ್ತಿತ್ತು.

ಆಡಿದ ಮಾತಿನ ವಿಷಯದಲ್ಲಿ ಮಾತ್ರ ಅವರದು ಒಂದು ವಿಧದ ಹುಚ್ಚು. ಬಂದರಿನಲ್ಲಿ ಅದರ ಬಗ್ಗೆ ಒಂದು ಕತೆಯೇ ಇತ್ತು. ಯಾವುದೋ ದ್ವೀಪದಿಂದ ಮಂಜಿಯಲ್ಲಿ ಬಂದ ಒಬ್ಬ, “ನಾಳೆ ಬಂದು ತೆಗೆದುಕೊಳ್ತೇನೆ, ಇದನ್ನೊಂದು ನೋಡಿಕೊಳ್ಳಿ” ಎಂದು ಒಂದು ಹೇಂಟೆಯನ್ನು ಅವರ ಗೋದಾಮಿನಲ್ಲಿ ಬಿಟ್ಟು ಹೋದನಂತೆ. ಅವನು ಬಂದದ್ದು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಹೇಂಟೆ ಮೊಟ್ಟೆಗೆ ಕೂತು ಮರಿ ಮಾಡಿ ಒಂದು ಒಂಬತ್ತಾಗಿತ್ತು. ಹಾಜಿಯವರು ಒಂಬತ್ತನ್ನೂ ಬುಟ್ಟಿಯಲ್ಲಿ ಹಾಕಿ ಕೊಟ್ಟರು. “ಅಷ್ಟು ದಿನ ಸಾಕಿದ್ದೀರಿ, ನಾಲ್ಕಾದರೂ ಇಟ್ಟುಕೊಳ್ಳಿ” ಎಂದದ್ದಕ್ಕೆ, “ನೋಡಿಕೊಳ್ತೇನೆ ಅಂತ ಹೇಳಿದ್ದು ನಾನು, ಇಟ್ಟುಕೊಳ್ತೇನೆ ಅಂತ ಹೇಳಲಿಲ್ಲ” ಎಂದರಂತೆ. ಈ ಕತೆ ಎಷ್ಟು ನಿಜವೋ ಗೊತ್ತಿಲ್ಲ. ಆದರೆ ಅವರ ಒಂದು ನಾಯಿಯ ಕತೆ ನಿಜ, ಅದನ್ನು ನಾನೇ ನೋಡಿದ್ದೇನೆ.

ನಾಯಿಯ ಹೆಸರು ಡ್ಯೂಕ್. ಹಾಜಿಯವರು ಗೋಣಿ, ಹಗ್ಗ ಒದಗಿಸುತ್ತಿದ್ದ ಕಾಫಿಬೀಜ ಹಸನು ಮಾಡುವ ಒಂದು ವರ್ಕ್ಸಿನ ಬಿಳಿ ದೊರೆ, ಸ್ವಾತಂತ್ರ್ಯ ಬಂದು ಎಂಟು ವರ್ಷದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬಿಲಾಯಿತಿಗೆ ಹೊರಟ. ಹೊರಡುವಾಗ ತನ್ನ ಜರ್ಮನ್ ಜಾತಿಯ ನಾಯಿಯನ್ನು ಇವರಿಗೆ ಒಪ್ಪಿಸಿದ. ಜೊತೆಗೆ ನಾಯಿಗೆಂದೇ ಹಡಗಿನಲ್ಲಿ ತರಿಸಿದ ಗಟ್ಟಿ ಬಿಸ್ಕೆಟಿನ ಆರು ದೊಡ್ಡ ಡಬ್ಬಗಳು, ಒಂದು ಚೀಟಿ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಬೆಳಿಗ್ಗೆ ಮೂರು ಬಿಸ್ಕೆಟು, ಸಂಜೆ ಮೂರು, ಬೇರೆ ಏನನ್ನೂ ಕೊಡಕೂಡದು. ಅದನ್ನು ಓದಿಸಿ ಕೇಳುವ ಮೊದಲೇ ಹಾಜಿಯವರು ದೊರೆಗೆ “ಆಯ್ತು” ಎಂದಾಗಿತ್ತು. ಮುಗಿಯಿತು. ಡಬ್ಬ ಖಾಲಿಯಾದ ಮೇಲೆ ಹಡಗಿನ ಏಜೆಂಟರನ್ನು ಕಾಡಿ ಬೊಂಬಾಯಿಯಿಂದ ಅದೇ ಬಿಸ್ಕೆಟು ತರಿಸಿದರು. ಅದು ಎಷ್ಟು ಹಳತೆಂದರೆ ಕಲ್ಲಿನ ಮೇಲೆ ಕುಟ್ಟಿದರೆ ಪುಡಿಯ ಜೊತೆ ಹುಳವೂ ಉದುರುತ್ತಿತ್ತು. ಸುತ್ತ ಮೀನಿನ ರಾಶಿ, ನಡುವೆ ಕೂತು ಆ ನಾಯಿ ವರ್ಷಗಟ್ಟಲೆ ಬಿಸ್ಕೆಟು ಕಡಿಯಿತು.

ನಾಯಿಯ ವಿಷಯದಲ್ಲಿ ಹಾಜಿಯವರಿಗೆ ಬೇರೆಯದೇ ಕಟ್ಟುಪಾಡು ಇತ್ತು. ಅವರ ಮತದಲ್ಲಿ ನಾಯಿಯ ಬಾಯಿ ಸೋಕಿದರೆ ಸೋಕಿದ ಜಾಗವನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಕಾವಲಿಗೆ ನಾಯಿ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಸುಮ್ಮನೆ ಮುದ್ದಿಗೆ ಸಾಕುವುದಕ್ಕೆ ಇಲ್ಲ ಎಂದು ಅವರು ನನಗೆ ವಿವರಿಸಿದ್ದರು. ಗೋದಾಮಿನ ಹಿಂದಿನ ಬಾವಿಕಟ್ಟೆಯಲ್ಲಿ ಇದಕ್ಕೆಂದೇ ಒಂದು ಡಬ್ಬದಲ್ಲಿ ಕೆಂಪು ಮಣ್ಣು ಜರಡಿ ಹಿಡಿದು ಇಟ್ಟಿದ್ದರು. ಬಿಸ್ಕೆಟನ್ನು ಎತ್ತರದಿಂದ ತಟ್ಟೆಗೆ ಬೀಳಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೊಡೆಯ ಮೇಲೆ ಕೈಯೂರಿ, ನಾಯಿ ತಿಂದು ಮುಗಿಸುವ ತನಕ ಅಲ್ಲೇ ನಿಲ್ಲುತ್ತಿದ್ದರು. ಮುಟ್ಟದೆಯೂ ಅಷ್ಟು ಹತ್ತಿರ ಇರಬಹುದು ಎಂದು ನಾನು ನೋಡಿದ್ದು ಅವರಲ್ಲಿ.

ಅವರು ಮೊದಲು ಮಂಗಳೂರಿನ ನಮ್ಮ ದನದ ಆಸ್ಪತ್ರೆಗೆ ಬಂದಾಗ ನನಗೆ ಮೂವತ್ತು ವರ್ಷ. ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಫೈಲುಗಳೆಲ್ಲ ಮದರಾಸು ಬೆಂಗಳೂರುಗಳ ನಡುವೆ ಎಲ್ಲೋ ಸಿಕ್ಕಿಕೊಂಡು, ನನ್ನ ಕೆಲಸ ಕಾಯಂ ಆಗುವುದು ನಿಂತಿತ್ತು. ಫಳ್ನೀರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಹೆಂಡತಿ ಚೊಚ್ಚಲ ಬಸುರಿ. ಡಾಕ್ಟರ ಒಂದು ವಾಕ್ಯದ ವರದಿಗೆ ನನ್ನನ್ನು ಮನೆಗೆ ಕಳುಹಿಸುವ ಶಕ್ತಿ ಇತ್ತು. ಡಾಕ್ಟರು ಕೆಟ್ಟವರಲ್ಲ, ಆದರೆ ಕಂಪೌಂಡರ್ ಮದ್ದು ಕುಟ್ಟಬೇಕು, ಮದ್ದು ಹೇಳಬಾರದು ಎಂಬ ನಿಯಮದವರು.

ಹಾಜಿಯವರ ಗೋದಾಮಿನಲ್ಲಿ ಕೈಗಾಡಿ ಎಳೆಯುವ ಬಾಬಣ್ಣ ಹಗ್ಗ ಹಿಡಿದು ನಾಯಿಯನ್ನು ತಂದಿದ್ದ. ಕೊಡೆ ಹಿಡಿದು ಹಾಜಿಯವರು ಹಿಂದೆ. ಹಗಲು ನಾಯಿಗೆ ಏನೂ ತೊಂದರೆಯಿಲ್ಲ, ಸೂರ್ಯ ಇಳಿದನೆಂದರೆ ಮೂಟೆಗಳಿಗೆ ಡಿಕ್ಕಿ ಹೊಡೆಯುತ್ತದೆ, ತನ್ನ ತಟ್ಟೆಯನ್ನೇ ತುಳಿಯುತ್ತದೆ. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು.

“ಇರುಳುಗುರುಡು. ವಯಸ್ಸೂ ಆಗಿದೆ. ಇದಕ್ಕೆ ನಮ್ಮಲ್ಲಿ ಮದ್ದಿಲ್ಲ ಹಾಜಿಯವರೇ. ಸಾಕುವುದು ಕಷ್ಟ ಅನಿಸಿದರೆ ಹೇಳಿ, ಒಂದು ಇಂಜೆಕ್ಷನ್ ಕೊಟ್ಟರೆ ನೋವಿಲ್ಲದೆ ಮುಗಿಯುತ್ತದೆ.”

ಹಾಜಿಯವರು ಕೊಡೆ ಎತ್ತಿಕೊಂಡು ಹೊರಗೆ ಹೋದರು. ವರಾಂಡದಲ್ಲಿ ಬಾಬಣ್ಣ ನನಗೆ ಪಿಸುಗುಟ್ಟಿದ: “ಇವರ ಭಾವನವರು ಮೊನ್ನೆಯೇ ಹೇಳಿ ಆಗಿದೆ. ಕತ್ತಲೆಗೆ ಕಣ್ಣು ಕಾಣದ ನಾಯಿ ಕಾವಲಿಗೆ ಎಂತಕ್ಕೆ, ಕಾವಲಿಗಲ್ಲದ ನಾಯಿ ಹಾಜಿಯ ಜಾಗದಲ್ಲಿ ಎಂತಕ್ಕೆ ಅಂತ. ಈ ರಂಜಾನಿನ ಒಳಗೆ ಕಣ್ಣು ಬರದಿದ್ರೆ ಇದರ ಕತೆ ಮುಗೀತು ಮಾರಾಯ್ರೆ.” ನಾಯಿ ಅವನ ಕಾಲ ಹತ್ತಿರ ಕೂತು ನಮ್ಮಿಬ್ಬರ ಬಾಯನ್ನೂ ನೋಡುತ್ತಿತ್ತು.

ನಾನು ಸುಮ್ಮನಿರಬೇಕಿತ್ತು. ಆದರೆ ಚಿಕ್ಕಂದಿನಲ್ಲಿ ನನಗೂ ಹೀಗೇ ಆಗಿತ್ತು. ಸಂಜೆಯಾದರೆ ಗದ್ದೆಯ ಬದು, ನಮ್ಮ ಕಡೆಯ ಹುಣಿ, ಕಾಣದೆ ಕೆಸರಿಗೆ ಬೀಳುತ್ತಿದ್ದೆ. ಅಮ್ಮ ನುಗ್ಗೆಸೊಪ್ಪು ತಿನ್ನಿಸಿ, ಯಾರೋ ಮೀನು ಹಿಡಿಯುವ ಮೊಗೇರರ ಮನೆಯಿಂದ ತಾಟೆ ಮೀನಿನ ಎಣ್ಣೆ ತಂದು ಕುಡಿಸಿ ಗುಣ ಮಾಡಿದ್ದಳು. ಶಾರ್ಕಿಗೆ ನಮ್ಮಲ್ಲಿ ತಾಟೆ ಎನ್ನುತ್ತಾರೆ, ಅದರ ಲಿವರಿನ ಎಣ್ಣೆ. ಹಾಜಿಯವರ ಗೋದಾಮಿನಲ್ಲೇ ಅದರ ಟಿನ್ನುಗಳು ಇದ್ದವು.

“ಹಾಜಿಯವರೇ, ನಾನು ಹೇಳಿದೆ ಅಂತ ಯಾರಲ್ಲೂ ಹೇಳಬೇಡಿ” ಎಂದು ಶುರು ಮಾಡಿದೆ. “ಬರೀ ಒಣ ಬಿಸ್ಕೆಟಿನಿಂದ ಹೀಗಾಗಿದೆ. ಹಸಿ ಸಾಮಾನು ಹೊಟ್ಟೆಗೆ ಹೋಗಬೇಕು. ಬೂತಾಯಿ ಮೀನು ಬೇಯಿಸಿ, ಸೊಪ್ಪು ಹಾಕಿ, ದಿನಕ್ಕೆ ಒಂದು ಚಮಚ ತಾಟೆ ಎಣ್ಣೆ.”

“ಅದು ಆಗುವುದಿಲ್ವಲ್ಲ ಕಂಪೌಂಡರೇ” ಎಂದರು. “ಬೇರೆ ಎಂತದೂ ಕೊಡುವುದಿಲ್ಲ ಅಂತ ದೊರೆಗೆ ಹೇಳಿ ಆಗಿದೆ.”

“ದೊರೆ ಎಲ್ಲಿದ್ದಾರೆ ಈಗ? ಅವರಿಗೆ ಹೇಗೆ ಗೊತ್ತಾಗ್ತದೆ?”

“ಅವರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗ್ತದೆ.”

ಕೊನೆಗೆ ಅವರು ಕಂಡುಕೊಂಡ ದಾರಿ, ದೊರೆಗೆ ಕಾಗದ ಬರೆದು ಅಪ್ಪಣೆ ಕೇಳುವುದು! ಇಂಗ್ಲಿಷು ಬರೆಯುವ ಕೆಲಸ ನನ್ನ ಕುತ್ತಿಗೆಗೆ ಬಂತು. ಗೋದಾಮಿನಲ್ಲಿ ಒಂದು ಮೂಟೆಯ ಮೇಲೆ ಕೂತು, ನನ್ನ ಹರಕು ಇಂಗ್ಲಿಷಿನಲ್ಲಿ, ತಮ್ಮ ನಾಯಿಗೆ ಸ್ವಲ್ಪ ಬೂತಾಯಿ ಮೀನು ಕೊಡಬಹುದೇ ಎಂದು ಬಿಲಾಯಿತಿಯ ದೊರೆಗೆ ಬರೆದೆ. ಬೂತಾಯಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ತಿಳಿಯದೆ ಒಂದು ಮೀನಿನ ಚಿತ್ರವನ್ನೂ ಬಿಡಿಸಿದೆ. ಹಾಜಿಯವರು ಚಿತ್ರವನ್ನು ಪರೀಕ್ಷಿಸಿ ಬಾಲ ಸರಿಯಿಲ್ಲ ಎಂದರು. ತಿದ್ದಿದೆ.

ಒಂದು ವಾರ, ಎರಡು ವಾರ, ಮೂರು ವಾರ. ಉತ್ತರ ಇಲ್ಲ. ನನಗೋ ತಾಳ್ಮೆ ತಪ್ಪುತ್ತಿತ್ತು. ದಿನವೂ ಸಂಜೆ ಮೀನು ಕೊಳ್ಳುವ ನೆಪದಲ್ಲಿ ಬಂದರಿಗೆ ಹೋಗಿ ಕೇಳುವೆ, “ಅವಸರ ಎಂತದ್ದು?” ಎಂಬ ಅದೇ ಮಾತು ಕೇಳಿ ಬರುವೆ. ನಾಲ್ಕನೆಯ ವಾರ ಒಂದು ಸಂಜೆ ನಾಯಿ ದಾರಿ ತಪ್ಪಿ ಧಕ್ಕೆಯ ಅಂಚಿನಿಂದ ಹೊಳೆಗೆ ಬಿತ್ತು. ಬಾಬಣ್ಣ ಹಾರಿ ಎಳೆದುಕೊಂಡ. ನೀರು ಸುರಿಸುತ್ತ ನಿಂತ ನಾಯಿಯನ್ನು ಹಾಜಿಯವರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಬಿಸ್ಕೆಟು ನಿಲ್ಲಿಸುವುದಿಲ್ಲ. ಮೂರು ಅಂದ್ರೆ ಮೂರು ಹಾಕ್ತೇನೆ. ಅದರ ಮೇಲೆ ಬೀಳುವುದಕ್ಕೆ ನಾಳೆ ದೇವರ ಎದುರು ನಾನು ಉತ್ತರ ಹೇಳ್ತೇನೆ” ಎಂದರು. ನನಗೆ ಆಗ ನಗು ಬರಲಿಲ್ಲ.

ಮರುದಿನದಿಂದ ಡ್ಯೂಕನ ತಟ್ಟೆಯ ವೈಭವ ನೋಡಬೇಕಿತ್ತು. ತಳದಲ್ಲಿ ಮೂರು ಬಿಸ್ಕೆಟು, ಕುಚ್ಚಲಕ್ಕಿ ಗಂಜಿಯ ತಿಳಿ ಹೊಯ್ದು ಮೆತ್ತಗೆ ಮಾಡಿದ್ದು. ಅದರ ಮೇಲೆ ಉಪ್ಪು ಹಾಕದೆ ಬೇಯಿಸಿ ಮುಳ್ಳು ಬಿಡಿಸಿದ ಬೂತಾಯಿ. ಮೇಲೆ ಕೊಚ್ಚಿದ ನುಗ್ಗೆಸೊಪ್ಪು, ಒಂದು ದಿನ ಚೀನಿಕಾಯಿ ಎಂಬ ಸಿಹಿಗುಂಬಳ, ಒಂದು ದಿನ ಪಪ್ಪಾಯಿ, ಶುಕ್ರವಾರ ಒಂದು ಮೊಟ್ಟೆ. ಗೋದಾಮಿನ ಹಿಂದೆಯೇ ಹಾಜಿಯವರ ಮನೆ. ಅಲ್ಲಿಂದ ಅವರ ಹೆಂಡತಿ, ನಾವೆಲ್ಲ ಪಾತುಮ್ಮ ಎನ್ನುತ್ತಿದ್ದ ತಾಯಿ, ಗಂಜಿ ಮೀನು ಬೇಯಿಸಿ ಕಳುಹಿಸುತ್ತಿದ್ದರು. ಎಣ್ಣೆಯ ಟಿನ್ನಿನ ಪಕ್ಕ ಮೊಳೆಗೆ ನೇತುಹಾಕಲು ನಾನು ಆಸ್ಪತ್ರೆಯ ಒಂದು ಹಳೆಯ ಅಳತೆಯ ಚಮಚ ಕೊಟ್ಟೆ. “ದಿನಕ್ಕೆ ಒಂದು. ಹೆಚ್ಚು ಬೇಡ” ಎಂದು ಎಲ್ಲರ ಎದುರೂ ಹೇಳಿದೆ.

ಐದಾರು ವಾರದಲ್ಲಿ ಗುಣ ಕಂಡಿತು. ಒಂದು ಮುಸ್ಸಂಜೆ ಹಾಜಿಯವರು ಮೂಟೆಗಳ ನಡುವೆ ಅಡ್ಡಕ್ಕೆ ತಮ್ಮ ಕೊಡೆ ಮಲಗಿಸಿ, ಆ ಕಡೆ ಹೋಗಿ ನಿಂತು ನಾಯಿಯನ್ನು ಕರೆದರು. ನಾಯಿ ಬಂತು, ಕೊಡೆಯ ಹತ್ತಿರ ನಿಂತಿತು, ಮೂಸಿತು, ದಾಟಿ ಬಂತು. ಹಾಜಿಯವರು, ಬಾಬಣ್ಣ, ನಾನು, ಮೂವರೂ ಉಸಿರು ಬಿಟ್ಟೆವು. ಹಾಜಿಯವರ ಭಾವ ಆ ವಾರವೇ ಬಂದು ತಾನೇ ಕಣ್ಣಾರೆ ನೋಡಿ, “ಕಾವಲಿಗೆ ಅಡ್ಡಿಯಿಲ್ಲ” ಎಂದು ಹೇಳಿ ಹೋದರು. ಆ ದಿನ ಪಾತುಮ್ಮ ನನಗೆ ತುಪ್ಪದನ್ನ ಕಟ್ಟಿ ಕಳುಹಿಸಿದರು. ನಾನು ದೊಡ್ಡ ಡಾಕ್ಟರಾದಂತೆ ಎದೆಯುಬ್ಬಿಸಿ ಫಳ್ನೀರಿಗೆ ನಡೆದೆ.

ಎಡವಟ್ಟು ಶುರುವಾದದ್ದು ಅಲ್ಲಿಂದಲೇ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಮನೆಯ ರೀತಿ ಗೊತ್ತಿರಬೇಕು. ಅಲ್ಲಿ ಊಟಕ್ಕೆ ಕೂತವರಿಗೆ ಸಾಕು ಎನ್ನುವ ಅಧಿಕಾರವಿರಲಿಲ್ಲ. ನೀವು ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲಿ ಬಡಿಸುತ್ತಿದ್ದರು. ಒಬ್ಬರು ಬಡಿಸಿದ್ದು ಬೇರೆ, ನಾನು ಬಡಿಸಿದ್ದು ಬೇರೆ ಎಂಬುದು ಅಲ್ಲಿನ ಲೆಕ್ಕ. ಬಡಿಸದೆ ಬಿಟ್ಟವನಿಗೆ ಪ್ರೀತಿ ಇಲ್ಲ ಎಂದಾಗುತ್ತಿತ್ತು. ಬಾಬಣ್ಣನ ಮನೆಯೂ ಹಾಗೆಯೇ, ನಮ್ಮ ಮನೆಯೂ ಹಾಗೆಯೇ, ಇಡೀ ಊರೇ ಹಾಗೆ. ಒಂದು ಚಮಚದಿಂದ ಇಷ್ಟು ಗುಣ ಬಂತಲ್ಲ ಎಂದು ಎಲ್ಲರಿಗೂ ಖುಷಿ. ಆ ಒಂದನ್ನು ಪ್ರತಿಯೊಬ್ಬರೂ ತಾವೇ ಹಾಕತೊಡಗಿದರು, ಇನ್ನೊಬ್ಬರಿಗೆ ಹೇಳದೆ.

ನನ್ನದನ್ನು ಮುಚ್ಚಿಡುವುದಿಲ್ಲ. ನಾನೂ ಹಾಕಿದೆ. ಸಂಜೆ ಹಾಜಿಯವರು ನಮಾಜಿಗೆ ಹೋದ ಹೊತ್ತಿನಲ್ಲಿ ಗೋದಾಮಿಗೆ ಹೋಗಿ, ಇನ್ನೊಂದು ಚಮಚ ಬಿದ್ದರೆ ಕಣ್ಣು ಮೊದಲಿನಂತೆಯೇ ಆದೀತು ಎಂದು, ಟಿನ್ನಿನಿಂದ ಬಗ್ಗಿಸಿ ತಟ್ಟೆಗೆ ಸುರಿಯುತ್ತಿದ್ದೆ. ನನ್ನ ಮದ್ದು, ನನ್ನ ರೋಗಿ ಎಂಬ ಹಮ್ಮು. ಅಳತೆ ತಿಳಿದವನು ಅಲ್ಲಿ ನಾನೊಬ್ಬನೇ, ಆದ್ದರಿಂದ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ. ಹೆಂಡತಿ ಅಂಗಿ ಒಗೆಯುವಾಗ, “ನೀವು ಆಸ್ಪತ್ರೆಗೆ ಹೋಗುವುದಾ, ಮೀನೆಣ್ಣೆ ತೆಗೀಲಿಕ್ಕೆ ಹೋಗುವುದಾ? ತೋಳಿನ ಕಲೆ ಹೋಗುವುದೇ ಇಲ್ಲ” ಎಂದು ಗೊಣಗುತ್ತಿದ್ದಳು.

ಮೂರು ತಿಂಗಳಾಗುವಾಗ ಡ್ಯೂಕ್ ಊಟ ಬಿಟ್ಟಿತು. ರೋಮ ಉದುರಿತು. ಮೈ ಮುಟ್ಟಿದರೆ ನರಳಿತು. ಕುತ್ತಿಗೆ ಮರದ ತುಂಡಿನಂತೆ ಸೆಟೆದು, ನೆಲದ ಮೇಲಿನ ತಟ್ಟೆಗೆ ಬಾಯಿ ಬಗ್ಗಿಸಲಾರದೆ ಅದು ತಟ್ಟೆಯ ಮುಂದೆ ಸುಮ್ಮನೆ ನಿಂತಿರುತ್ತಿತ್ತು. ಬಾಬಣ್ಣ ಕೈಗಾಡಿಯ ಮೇಲೆ ಗೋಣಿ ಹಾಸಿ ಅದನ್ನು ಮಲಗಿಸಿ ಆಸ್ಪತ್ರೆಗೆ ತಂದ.

ಡಾಕ್ಟರು ಕಾಲು, ಕುತ್ತಿಗೆ ಒತ್ತಿ ನೋಡಿ, ಏನೇನು ತಿನ್ನಿಸಿದಿರಿ ಎಂದು ಕೇಳಿದರು. ಹಾಜಿಯವರು ಒಂದೊಂದಾಗಿ ಹೇಳಿದರು. ಎಣ್ಣೆಯ ಮಾತು ಬಂದಾಗ ಡಾಕ್ಟರು ತಲೆ ಎತ್ತಿದರು.

“ಎಷ್ಟು?”

“ದಿನಕ್ಕೊಂದು ಚಮಚ.”

“ಒಂದು ಚಮಚಕ್ಕೆ ಹೀಗಾಗುವುದಿಲ್ಲ. ಇದಕ್ಕೆ ನಾಲ್ಕು ಪಟ್ಟು ಬಿದ್ದಿದೆ. ಈ ಎಣ್ಣೆ ಅತಿಯಾದರೆ ಮೂಳೆ ಹಿಡಿಯುತ್ತದೆ. ಇದನ್ನು ಕೊಡಲಿಕ್ಕೆ ನಿಮಗೆ ಹೇಳಿದ್ದು ಯಾರು?” ಕೇಳಿದ್ದು ಅವರನ್ನು, ನೋಡಿದ್ದು ನನ್ನನ್ನು.

ನನ್ನ ಕೈಯಲ್ಲಿ ಕುಟ್ಟಾಣಿ ಇತ್ತು. ಮನೆಯಲ್ಲಿ ಹೆಂಡತಿಗೆ ಒಂಬತ್ತನೆಯ ತಿಂಗಳು. ಬಾಯಿ ತೆರೆಯಬೇಕೆಂದುಕೊಂಡೆ, ತೆರೆಯಲಿಲ್ಲ. ಹಾಜಿಯವರ ದೃಷ್ಟಿ ಒಂದು ಕ್ಷಣ ನನ್ನ ಕೈಯ ಮೇಲೆ ನಿಂತು, ಮತ್ತೆ ಡಾಕ್ಟರ ಕಡೆ ಹೋಯಿತು.

“ಎಣ್ಣೆ ನನ್ನದು, ನಾಯಿ ನನ್ನದು. ತಟ್ಟೆಗೆ ದಿನಾಲೂ ಹಾಕಿದ್ದು ಈ ಕೈ” ಎಂದು ತಮ್ಮ ಬಲಗೈ ಎತ್ತಿ ತೋರಿಸಿದರು. “ಇದರಲ್ಲಿ ಬೇರೆಯವರದ್ದು ಎಂತ ಉಂಟು ಡಾಕ್ಟ್ರೇ?”

ಡಾಕ್ಟರು ಅವರನ್ನು ಸರಿಯಾಗಿ ಬೈದರು. ಓದಿಲ್ಲ, ಬರೆದಿಲ್ಲ, ಕೈಯಲ್ಲಿ ಎಣ್ಣೆ ಇದೆಯೆಂದು ಮೂಕಪ್ರಾಣಿಗೆ ಸುರಿಯುತ್ತೀರಾ ಎಂದರು. ಇಡೀ ಬಂದರು ಗೌರವಿಸುವ ಹಿರಿಯರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಎಣ್ಣೆ ನಿಲ್ಲಿಸಿ, ಬದುಕಿದರೆ ಅದರ ಪುಣ್ಯ ಎಂದರು ಡಾಕ್ಟರು. ನಾನು ಕುಟ್ಟಾಣಿಯಲ್ಲಿ ಏನನ್ನು ಕುಟ್ಟುತ್ತಿದ್ದೆನೋ ಅದನ್ನೇ ಕುಟ್ಟುತ್ತಿದ್ದೆ.

ಅಂದು ಸಂಜೆ ಹಾಜಿಯವರು ಗೋದಾಮಿನಲ್ಲಿ ಎಲ್ಲರನ್ನೂ ಕರೆದರು. ಸಿಟ್ಟಿಲ್ಲ, ಸ್ವರ ಏರಿಸಿದ್ದಿಲ್ಲ. “ನಾನು ಬೆಳಿಗ್ಗೆ ಒಂದು ಹಾಕ್ತಿದ್ದೆ. ಬೇರೆ ಯಾರು ಹಾಕ್ತಿದ್ದದ್ದು?” ಎಂದು ಕೇಳಿದರು.

ಬಾಬಣ್ಣ ಮುಂಡಾಸು ತೆಗೆದು ಮುಖ ಮುಚ್ಚಿಕೊಂಡು ಅತ್ತ. “ಮಧ್ಯಾಹ್ನ ನಾನು ಹಾಕ್ತಿದ್ದೆ. ಹೊಳೆಯಿಂದ ಎತ್ತಿದ್ದು ನಾನಲ್ವಾ, ಅದಕ್ಕೆ ನನ್ನ ಕೈಯದ್ದೂ ಸ್ವಲ್ಪ ಇರಲಿ ಅಂತ.” ಅಡುಗೆ ಕೋಣೆಯ ಬಾಗಿಲ ಹಿಂದಿನಿಂದ ಪಾತುಮ್ಮನ ಸ್ವರ ಬಂತು: “ಗಂಜಿಗೆ ನಾನೂ ಹಾಕ್ತಿದ್ದೆ. ಮಕ್ಕಳಿಗೆ ಹಾಕುವಾಗ ಅದನ್ನು ಬಿಡುವುದು ಹೇಗೆ?” ಹಾಜಿಯವರು ತಲೆಯಾಡಿಸಿದರು. ಆಮೇಲೆ ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕಾದರು. ನಾನು ಮೂಟೆಗೆ ಒರಗಿ ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ. ಅಲ್ಲಿ ನೌಕರಿಯ ಭಯವೂ ಇರಲಿಲ್ಲ, ಡಾಕ್ಟರೂ ಇರಲಿಲ್ಲ. ಆದರೂ ನಾಲಗೆ ಏಳಲಿಲ್ಲ. “ಆಯ್ತು” ಎಂದು ಹಾಜಿಯವರು ಚಮಚವನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. “ಇನ್ನು ಇದರ ತಟ್ಟೆಗೆ ಎಂತ ಬೀಳುವುದಿದ್ರೂ ಒಂದೇ ಕೈಯಿಂದ.”

ಮುಂದಿನ ಎರಡು ತಿಂಗಳು ನಾನು ಕಂಡದ್ದನ್ನು ಹೇಗೆ ಹೇಳಲಿ. ನಾಯಿಗೆ ಬಗ್ಗಲಾಗುತ್ತಿರಲಿಲ್ಲ. ತಟ್ಟೆಯನ್ನು ಪೆಟ್ಟಿಗೆಯ ಮೇಲಿಟ್ಟು ನೋಡಿದೆವು. ನೋವಿದ್ದ ದಿನ ಒಂದು ಎತ್ತರ, ನೋವು ಕಡಿಮೆಯಾದ ದಿನ ಇನ್ನೊಂದು ಎತ್ತರ ಬೇಕಾಗುತ್ತಿತ್ತು, ಪೆಟ್ಟಿಗೆಗೆ ಅದು ತಿಳಿಯುತ್ತಿರಲಿಲ್ಲ. ಆಗ ಹಾಜಿಯವರು ತಾವೇ ಮೊಣಕಾಲೂರಿ ಕೂತು, ತಟ್ಟೆಯನ್ನು ಎರಡೂ ಕೈಯಲ್ಲಿ ಅದರ ಬಾಯಿಯ ಮಟ್ಟಕ್ಕೆ ಹಿಡಿದರು. ಬಾಬಣ್ಣ ನಾನು ಹಿಡಿಯುತ್ತೇನೆ ಎಂದರೆ ಕೊಡಲಿಲ್ಲ. ಬಿಸ್ಕೆಟು ಗಂಜಿಯಲ್ಲಿ ಕರಗಿದ್ದು, ಬೂತಾಯಿ, ಸೊಪ್ಪು. ಅದು ನಿಧಾನವಾಗಿ ನೆಕ್ಕುತ್ತಿತ್ತು, ಜೊಲ್ಲು ಅವರ ಬೆರಳುಗಳ ಮೇಲೆ ಇಳಿಯುತ್ತಿತ್ತು. ಮುಗಿದ ಮೇಲೆ ಬಾವಿಕಟ್ಟೆಗೆ ಹೋಗಿ ಕೆಂಪು ಮಣ್ಣು ತೆಗೆದು ಏಳು ಸಲ ಕೈ ತೊಳೆಯುತ್ತಿದ್ದರು. ಬೆಳಿಗ್ಗೆ ಏಳು, ಸಂಜೆ ಏಳು. ರಂಜಾನಿನ ಉಪವಾಸದಲ್ಲೂ ಒಂದು ಹೊತ್ತು ತಪ್ಪಿಸಲಿಲ್ಲ, ಒಂದು ಸಲ ತೊಳೆಯುವುದನ್ನೂ ಕಡಿಮೆ ಮಾಡಲಿಲ್ಲ. ಅವರ ಕೈಯ ಚರ್ಮ ಒಡೆದು ಬಿಳಿಚಿತು. ಅದು ನಾಲ್ವರು ಕಟ್ಟಬೇಕಾದ ದಂಡ.

ಡ್ಯೂಕ್ ಬದುಕಿತು. ಕುತ್ತಿಗೆ ಸ್ವಲ್ಪ ಓರೆಯಾಗಿಯೇ ಉಳಿದು, ಯಾರನ್ನು ನೋಡಿದರೂ ಸಂಶಯದಿಂದ ನೋಡಿದ ಹಾಗೆ ಕಾಣುತ್ತಿತ್ತು. ಕಾವಲು ನಾಯಿಗೆ ಅದು ಒಳ್ಳೆಯದೇ ಆಯಿತು ಎಂದು ಬಾಬಣ್ಣ ಹೇಳುತ್ತಿದ್ದ. ಮುಸ್ಸಂಜೆಯ ಕಣ್ಣು ಕೊನೆಯ ತನಕ ಚೆನ್ನಾಗಿತ್ತು.

ಮಳೆ ಶುರುವಾದ ಮೇಲೆ ದೊರೆಯ ಉತ್ತರ ಬಂತು. ನಮ್ಮ ಕಾಗದ ಯಾವುದೋ ಹಳೆಯ ವಿಳಾಸಕ್ಕೆ ಹೋಗಿ ಸುತ್ತಾಡಿ ಅವನ ಕೈ ಸೇರಿತ್ತು. ನಾನು ಓದಿ ಹೇಳಿದೆ. ಮೀನು ಖಂಡಿತ ಕೊಡಿ, ತಾನೂ ಭಾನುವಾರಗಳಲ್ಲಿ ಕೊಡುತ್ತಿದ್ದೆ ಎಂದಿದ್ದ. ಆ ಚೀಟಿ ತನ್ನ ಅಡುಗೆಯವನಿಗೆ ಬರೆದದ್ದು, ಅವನು ಕರಿದ ಪದಾರ್ಥ ತಿನ್ನಿಸುತ್ತಿದ್ದ, ಹೊರಡುವ ಗಡಿಬಿಡಿಯಲ್ಲಿ ಡಬ್ಬದ ಜೊತೆ ಬಂದಿರಬೇಕು. ಮೀನಿನ ಚಿತ್ರ ಚೆನ್ನಾಗಿದೆ ಎಂದೂ ಬರೆದಿದ್ದ. ಬಾಬಣ್ಣ ನಕ್ಕು ನಕ್ಕು ಮೂಟೆಯಿಂದ ಜಾರಿದ. ಹಾಜಿಯವರು ನಗಲಿಲ್ಲ. “ಅವತ್ತೇ ಒಂದು ಮಾತು ಕೇಳಬೇಕಿತ್ತು ನಾನು” ಎಂದು ಎದ್ದು ಹೋಗಿ ನಾಯಿಯ ಎದುರು ಕೂತರು. ಎರಡು ಹೆಜ್ಜೆ ದೂರದಲ್ಲೇ.

ನನಗೆ ಮಗಳು ಹುಟ್ಟಿದಳು. ಕೆಲಸ ಕಾಯಂ ಆಯಿತು. ವರ್ಗವಾಗಿ ಘಟ್ಟದ ಮೇಲೆ, ಕೆಳಗೆ ಎಂದು ಊರೂರು ತಿರುಗಿದೆ. ಮಂಗಳೂರಿಗೆ ಬಂದಾಗ ಬಂದರಿಗೆ ಹೋಗದೆ ಬರುತ್ತಿರಲಿಲ್ಲ. ಡ್ಯೂಕ್ ಸತ್ತಾಗ ಧಕ್ಕೆಯ ಪಕ್ಕದ ತೆಂಗಿನ ಬುಡದಲ್ಲಿ ಹುಗಿದರೆಂದು ಕಾಗದ ಬರೆಸಿದ್ದರು. ಪ್ರತಿ ಭೇಟಿಯಲ್ಲೂ ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ಚಹಾ ಕುಡಿದು, ಬೇಡ ಬೇಡ ಎಂದರೂ ಹಾಕಿದ ತಿಂಡಿ ತಿಂದು, ಹೇಳದೆಯೇ ಬಸ್ಸು ಹತ್ತುತ್ತಿದ್ದೆ.

ಕೊನೆಯ ಸಲ ನೋಡಿದ್ದು ಫಳ್ನೀರಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ, ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಪಾತುಮ್ಮ ಆಗಲೇ ಹೋಗಿಬಿಟ್ಟಿದ್ದರು. ಮಂಚದ ಪಕ್ಕದ ಮೇಜಿನ ಮೇಲೆ ಗಂಜಿಯ ತೂಕುಪಾತ್ರೆ, ಸೂಪು, ಜೇನು, ಮಕ್ಕಾದ ನೀರು, ಯಾರ್‍ಯಾರದೋ ಮನೆಯಿಂದ ಬಂದ ಡಬ್ಬಗಳು. ಬಂದವರೆಲ್ಲ ಒಂದೊಂದು ಚಮಚ ಕುಡಿಸಿ ಹೋಗುತ್ತಿದ್ದರು. ತಲೆ ಎತ್ತಲಾರದೆ, ಬೇಡವೆನ್ನಲಾರದೆ ಅವರು ಸುಸ್ತಾಗಿದ್ದರು. ಅವರ ಸೊಸೆ ಪಾತ್ರೆ ತೊಳೆಯಲು ಹೊರಗೆ ಹೋದಳು. ನಾನು ಅವರ ಕತ್ತಿನ ಹಿಂದೆ ಕೈಯಿಟ್ಟು ಸ್ವಲ್ಪ ಎತ್ತಿ, ಒಂದು ಚಮಚ ಗಂಜಿ ಬಾಯಿಗೆ ಹಿಡಿದೆ. ಹಗುರವಾದ ತಲೆ. ನನಗೆ ತಡೆದುಕೊಳ್ಳಲು ಆಗಲಿಲ್ಲ.

“ಹಾಜಿಯವರೇ, ಆ ನಾಯಿಗೆ ನಾನೂ ಹಾಕ್ತಿದ್ದೆ. ಸಂಜೆ. ನೀವು ನಮಾಜಿಗೆ ಹೋದಾಗ.”

ಅವರು ಗಂಜಿ ನುಂಗಿದರು. “ಗೊತ್ತುಂಟು ಮಾರಾಯ.”

“ಗೊತ್ತುಂಟಾ?”

“ಡಾಕ್ಟ್ರ ಎದುರು ನಿಂತಿದ್ದಾಗ ನಿನ್ನ ಅಂಗಿಯ ತೋಳು ನೋಡಿದೆ. ತಾಟೆ ಎಣ್ಣೆಯ ಕಲೆ ನನಗೆ ಗೊತ್ತಾಗುವುದಿಲ್ವಾ?”

“ಹಾಗಾದ್ರೆ ಸಂಜೆ ಎಲ್ಲರನ್ನೂ ಕೇಳಿದ್ರಲ್ಲ, ಆಗ ನನ್ನ ಹೆಸರು ಯಾಕೆ ಹೇಳಲಿಲ್ಲ?”

“ನೀನು ಹೇಳ್ತೀ ಅಂತ ಕಾದೆ.”

“ಹನ್ನೊಂದು ವರ್ಷವಾ?”

ಅವರ ಮುಖದಲ್ಲಿ ಹಳೆಯ ಆ ನಿಜವಾದ ಕುತೂಹಲ ಮೂಡಿತು. “ಅವಸರ ಎಂತದ್ದು?” ಎಂದರು.

ಅಷ್ಟರಲ್ಲಿ ಸೊಸೆ ಒಳಗೆ ಬಂದು ಮೇಜಿನ ಮೇಲಿನ ಗಂಜಿಗೆ ಕೈ ಹಾಕಿದಳು. ಹಾಜಿಯವರು ಒಂದು ಕಾಲಕ್ಕೆ ಚರ್ಮ ಒಡೆದಿದ್ದ ಆ ಬಲಗೈಯನ್ನು ಹೊದಿಕೆಯಿಂದ ಮೆಲ್ಲನೆ ಹೊರಗೆ ತೆಗೆದು ಅವಳನ್ನು ತಡೆದು, ನನ್ನ ಕಡೆ ತೋರಿಸಿದರು.

“ಬೇಡ ಮಗಾ. ಇವನು ಹಾಕಿ ಆಯ್ತು.”